ಪಟ್ಟಿಯಲ್ಲಿ ಒಂದು ಹೆಸರು

2023 ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಶೃಂಗೇರಿ ಕ್ಷೇತ್ರದ ಫಲಿತಾಂಶ ಘೋಷಣೆಯಾದಾಗ, ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಕೇವಲ 201 ಮತಗಳಾಗಿತ್ತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳನ್ನು ಒಳಗೊಂಡ ಈ ಕ್ಷೇತ್ರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರು ಮತ ನೀಡಿದ್ದರು. ಅಷ್ಟು ಜನರ ತೀರ್ಪು ಕೊನೆಗೆ ಬಂದು ನಿಂತದ್ದು, ಭಾನುವಾರದ ಬಲಿಪೂಜೆಗೆ ಒಂದು ಸಾಧಾರಣ ಧರ್ಮಕೇಂದ್ರದಲ್ಲಿ ಸೇರುವಷ್ಟು ಮಂದಿಯ ಮೇಲೆ. ಇದಕ್ಕಿಂತಲೂ ಅಚ್ಚರಿಯ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. 2004 ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ.

ಇಂತಹ ಅಂಕಿಗಳನ್ನು ಕಂಡಾಗ, ಮನೆಯಲ್ಲಿ ಕುಳಿತು ಮತ ನೀಡದೆ ಹೋದವರನ್ನು ನಾವು ಆಕ್ಷೇಪಿಸುತ್ತೇವೆ. ಆ ಮಾತನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಇಲ್ಲಿ ಯೋಚಿಸುತ್ತಿರುವುದು ಬೇರೊಂದು ಗುಂಪಿನ ಕುರಿತು. ಮತದಾನದ ದಿನ ಒಳ್ಳೆಯ ಬಟ್ಟೆ ಉಟ್ಟು, ಮೂರು ನಾಲ್ಕು ಮೈಲಿ ನಡೆದು, ಶಾಲೆಯ ಬಾಗಿಲವರೆಗೂ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೇಳಿ ಹಿಂತಿರುಗಿದವರು ಎಷ್ಟು ಮಂದಿ? ಚಲಾವಣೆಯಾದ ಮತಗಳ ಲೆಕ್ಕವಿದೆ, ತಿರಸ್ಕೃತವಾದ ಮತಗಳ ಲೆಕ್ಕವಿದೆ, ಯಾರಿಗೂ ಬೇಡವೆಂದು ಒತ್ತಿದವರ ಲೆಕ್ಕವೂ ಇದೆ. ಬಾಗಿಲಿನಿಂದ ಹಿಂತಿರುಗಿದವರ ಲೆಕ್ಕ ಮಾತ್ರ ಯಾವ ಫಲಿತಾಂಶದಲ್ಲಿಯೂ ಕಾಣುವುದಿಲ್ಲ. ಮತದ ಹಕ್ಕಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಂವಿಧಾನಗಳ ಹಾಗೂ ಚಳವಳಿಗಳ ಚರಿತ್ರೆಯಾಗಿ ಓದುತ್ತೇವೆ. ಅದನ್ನು ಒಂದು ಪಟ್ಟಿಯ ಚರಿತ್ರೆಯಾಗಿಯೂ ಓದಬಹುದು. ಆ ಪಟ್ಟಿಯನ್ನು ಬರೆಯುವವರು ಯಾರು? ಹೆಸರು ಸೇರಬೇಕಾದರೆ ತೋರಿಸಬೇಕಾದುದೇನು? ಅದನ್ನು ತೋರಿಸುವ ಹೊರೆ ಯಾರ ಹೆಗಲ ಮೇಲೆ?

ನಮ್ಮ ಊರಿನಿಂದಲೇ ಆರಂಭಿಸೋಣ. ಇಂದು ನರಸಿಂಹರಾಜಪುರವೆನಿಸಿಕೊಂಡಿರುವ ಊರು ಹಿಂದೆ ಎಡೇಹಳ್ಳಿಯಾಗಿತ್ತು; ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದದ್ದು ಕಳೆದ ಶತಮಾನದ ಆರಂಭದಲ್ಲಿ. ಈ ಸೀಮೆಯೆಲ್ಲವೂ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಆ ಸಂಸ್ಥಾನದಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಮುತುವರ್ಜಿಯಿಂದ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದ್ದು 1881 ರ ಅಕ್ಟೋಬರ್ 7 ರಂದು, ದಸರಾ ಸಂದರ್ಭದಲ್ಲಿ. ತಾಲ್ಲೂಕುಗಳಿಂದ ಬಂದ 144 ಮಂದಿ ಅದರ ಸದಸ್ಯರು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಒಂದು ದೇಶೀಯ ಸಂಸ್ಥಾನದಲ್ಲಿ ಇಂತಹ ಸಭೆ ನಡೆಯಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಮೊದಲಿನ ಆ ಸದಸ್ಯರನ್ನು ಜನರು ಆರಿಸಿರಲಿಲ್ಲ. ಚುನಾವಣೆಯ ಕ್ರಮ ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890 ರ ಸುಮಾರಿಗೆ. ಆಗಲೂ ಮತ ನೀಡುವವರು ಯಾರು? ವರ್ಷಕ್ಕೆ ನೂರಾರು ರೂಪಾಯಿ ಕಂದಾಯ ಕಟ್ಟುವ ಜಮೀನುದಾರರು, ನಿಗದಿಯಾದ ಮೊತ್ತದ ಮೊಹತರ್ಫಾ ತೆರಿಗೆ ಕಟ್ಟುವ ವರ್ತಕರು, ವಿಶ್ವವಿದ್ಯಾನಿಲಯದ ಪದವಿ ಪಡೆದ ಕೆಲವರು.

ಆ ಕಾಲದಲ್ಲಿ ನೂರು ರೂಪಾಯಿ ಕಂದಾಯವೆಂದರೆ ಎಷ್ಟು ಅಡಿಕೆ ತೋಟ, ಎಷ್ಟು ಗದ್ದೆ ಎಂಬುದನ್ನು ಮಲೆನಾಡಿನ ಹಿರಿಯರು ಊಹಿಸಬಲ್ಲರು. ಗೇಣಿಗೆ ಗದ್ದೆ ಮಾಡುತ್ತಿದ್ದವನ ಕೈಯಲ್ಲಿ ಕಂದಾಯದ ರಸೀತಿ ಇರಲಿಲ್ಲ; ಅದು ಒಡೆಯನ ಹೆಸರಿನಲ್ಲಿತ್ತು. ಕೂಲಿಯವನ ಹೆಸರು ಸರ್ಕಾರದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹೀಗಾಗಿ ಮತದಾರರ ಪಟ್ಟಿ ಕಂದಾಯದ ಪುಸ್ತಕದ ಒಂದು ನಕಲಾಗಿತ್ತು. ಅಗಸ್ತಸ್ ಚಕ್ರವರ್ತಿಯ ಆಜ್ಞೆಯಂತೆ ಹೆಸರು ಬರೆಸಲು ಜೋಸೆಫರು ಬೆತ್ಲೆಹೇಮಿಗೆ ಹೊರಟ ಪ್ರಸಂಗ ನಿಮಗೆ ನೆನಪಿರಬಹುದು. ರಾಜರು ಜನರ ಹೆಸರು ಬರೆಸಿಕೊಳ್ಳುತ್ತಿದ್ದುದು ಬಹುಕಾಲ ತೆರಿಗೆಗಾಗಿ, ಇಲ್ಲವೇ ಸೈನ್ಯಕ್ಕಾಗಿ. ಅದೇ ಪುಸ್ತಕದಿಂದ ಮತದಾರನನ್ನು ಆರಿಸಿದಾಗ, ತೆರಿಗೆ ಕಟ್ಟಲಾಗದವನು ರಾಜ್ಯದ ಕಣ್ಣಿಗೆ ಇಲ್ಲದವನೇ ಆದನು.

1923 ರಲ್ಲಿ, ಡಾ. ಬ್ರಜೇಂದ್ರನಾಥ ಸೀಲರ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ, ಮೈಸೂರಿನಲ್ಲಿ ದೊಡ್ಡ ಸುಧಾರಣೆ ನಡೆಯಿತು. ಆಸ್ತಿಯ ಅರ್ಹತೆಯನ್ನು ಇಳಿಸಲಾಯಿತು. ಹೆಣ್ಣೆಂಬ ಕಾರಣಕ್ಕೆ ಇದ್ದ ಅನರ್ಹತೆಯನ್ನು ತೆಗೆದುಹಾಕಲಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸ್ತ್ರೀಯರಿಗೆ ಮತದ ಹಕ್ಕನ್ನು ಖಚಿತಪಡಿಸಿದ ಸಂವಿಧಾನದ 19 ನೆಯ ತಿದ್ದುಪಡಿ ಬಂದದ್ದು 1920 ರಲ್ಲಿ. ಮಂಗಳೂರು ಸೇರಿದ್ದ ಮದರಾಸು ಪ್ರಾಂತ್ಯ ಆ ಹಕ್ಕನ್ನು ನೀಡಿದ್ದು 1921 ರಲ್ಲಿ. ಸ್ವಿಟ್ಜರ್ಲೆಂಡಿನ ಸ್ತ್ರೀಯರು ರಾಷ್ಟ್ರಮಟ್ಟದಲ್ಲಿ ಅದನ್ನು ಪಡೆಯಲು 1971 ರವರೆಗೆ ಕಾಯಬೇಕಾಯಿತು. ಈ ಸಾಲಿನಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. ಆದರೆ ಸ್ವಂತ ಹೆಸರಿನಲ್ಲಿ ಆಸ್ತಿ ಇದ್ದ ಹೆಂಗಸರು ಅಂದು ಎಷ್ಟಿದ್ದರು? ನಿಯಮ ಬಾಗಿಲು ತೆರೆಯಿತು, ಹೊಸ್ತಿಲು ಎತ್ತರದಲ್ಲಿಯೇ ಉಳಿಯಿತು.

ಅದೇ ಸುಧಾರಣೆಯಲ್ಲಿ ಮುಸಲ್ಮಾನರಿಗೂ ಭಾರತೀಯ ಕ್ರೈಸ್ತರಿಗೂ ದಲಿತ ವರ್ಗಗಳಿಗೂ ಪ್ರತ್ಯೇಕ ಪ್ರಾತಿನಿಧ್ಯದ ಏರ್ಪಾಡು ಇತ್ತು. ಇದು ನಮ್ಮ ಸಮುದಾಯಕ್ಕೆ ಸಂಬಂಧಿಸಿದ ವಿಷಯವಾದುದರಿಂದ ಸ್ವಲ್ಪ ನಿಂತು ನೋಡಬೇಕು. ಬ್ರಿಟಿಷರ ಪ್ರಾಂತ್ಯಗಳಲ್ಲಿಯೂ ಮತದಾರರ ಪಟ್ಟಿಗಳು ಧರ್ಮದ ಹೆಸರಿನಲ್ಲಿ ಬೇರೆಬೇರೆಯಾಗಿದ್ದವು. ಸ್ವತಂತ್ರ ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಬಂದಾಗ, ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತ ವಿದ್ವಾಂಸ ಎಚ್. ಸಿ. ಮುಖರ್ಜಿ. ಮದರಾಸಿನಿಂದ ಆಯ್ಕೆಯಾಗಿ ಬಂದಿದ್ದವರಲ್ಲಿ ಒಬ್ಬರು ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು, ವಂದನೀಯ ಫಾದರ್ ಜೆರೋಮ್ ಡಿಸೋಜ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡುವ ಪ್ರಸ್ತಾಪವನ್ನು ಕೈಬಿಡುವ ತೀರ್ಮಾನ 1949 ರ ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರ ಮುಂದಾಳತ್ವದಲ್ಲಿ ಸಭೆಯ ಮುಂದೆ ಬಂದಾಗ, ಇವರಿಬ್ಬರೂ ಅದರ ಪರವಾಗಿದ್ದರು. ತಮ್ಮ ಸಮುದಾಯಕ್ಕೆ ಸಿಗಬಹುದಾಗಿದ್ದ ಕೆಲವು ಕುರ್ಚಿಗಳನ್ನು ಬಿಟ್ಟು, ಎಲ್ಲರೊಡನೆ ಒಂದೇ ಪಟ್ಟಿಯಲ್ಲಿ ಹೆಸರಿರಲೆಂದು ಅವರು ಒಪ್ಪಿದರು. ಆಂಗ್ಲೋ-ಇಂಡಿಯನ್ನರಿಗೆ ಮಾತ್ರ ನಾಮಕರಣದ ಸ್ಥಾನಗಳು ಉಳಿದವು; ಅವು 2020 ರ ಜನವರಿಯಲ್ಲಿ ಕೊನೆಗೊಂಡವು. ಅಂದಿನ ತೀರ್ಮಾನದಿಂದ ನಮಗೆ ನಷ್ಟವಾಯಿತೆಂದು ಹೇಳುವ ಹಿರಿಯರನ್ನು ನಾನು ಬಲ್ಲೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದೆ ಇಲ್ಲ. ಆದರೂ, ನೆರೆಮನೆಯವನ ಪಟ್ಟಿ ಬೇರೆ, ನನ್ನ ಪಟ್ಟಿ ಬೇರೆ ಎಂಬ ಊರಿನಲ್ಲಿ ನೆರೆಮನೆಯವನಿಗೆ ನನ್ನ ಮತದ ಹಂಗು ಇರುವುದಿಲ್ಲ. ಆ ಹಂಗು ಸಣ್ಣ ಸಮುದಾಯಗಳಿಗೆ ಕುರ್ಚಿಗಿಂತ ದೊಡ್ಡ ರಕ್ಷಣೆಯೆಂದೇ ನನ್ನ ಎಣಿಕೆ. ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ ಎಂಬುದು ಸಂವಿಧಾನದ 325 ನೆಯ ವಿಧಿ. ವಯಸ್ಕರೆಲ್ಲರಿಗೂ ಮತ ಎಂಬುದು 326 ನೆಯ ವಿಧಿ. ಆ ವಯಸ್ಸು ಮೊದಲು 21 ಆಗಿತ್ತು; 61 ನೆಯ ತಿದ್ದುಪಡಿಯ ಮೂಲಕ 1989 ರಲ್ಲಿ 18 ಕ್ಕೆ ಇಳಿಯಿತು.

ಓದುಗರೇ, ವಿಧಿಯನ್ನು ಬರೆದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದನ್ನು ಕಾರ್ಯರೂಪಕ್ಕೆ ತಂದ ಬಗೆ. ಸಂವಿಧಾನ ಇನ್ನೂ ಸಿದ್ಧವಾಗಿರದಿದ್ದಾಗಲೇ, 1947 ರ ಕೊನೆಯಿಂದಲೇ, ಸಂವಿಧಾನ ಸಭೆಯ ಕಾರ್ಯಾಲಯ ಮತದಾರರ ಪಟ್ಟಿಯ ಸಿದ್ಧತೆಯನ್ನು ಆರಂಭಿಸಿತು. ದೇಶ ವಿಭಜನೆಯಾಗಿ ಲಕ್ಷಾಂತರ ಜನರು ಮನೆಮಠ ಕಳೆದುಕೊಂಡು ಶಿಬಿರಗಳಲ್ಲಿದ್ದ ಕಾಲ ಅದು. ಅವರ ಬಳಿ ಯಾವ ಕಾಗದ ಇದ್ದೀತು? ಇಲ್ಲಿಯೇ ನೆಲೆಸುವ ಉದ್ದೇಶ ನಮಗಿದೆಯೆಂದು ಅವರು ಘೋಷಿಸಿದರೆ ಸಾಕು, ಹೆಸರು ಬರೆದುಕೊಳ್ಳಿ ಎಂಬ ಸೂಚನೆ ಹೊರಟಿತು. ಪಟ್ಟಿ ಬರೆಯುವ ನೌಕರನು ಮನೆಮನೆಗೆ ಹೋದನು. ಪ್ರಜೆ ಕಚೇರಿಗೆ ಅಲೆಯಬೇಕಾಗಿರಲಿಲ್ಲ. 1951–52 ರ ಮೊದಲ ಮಹಾಚುನಾವಣೆಯ ವೇಳೆಗೆ 17 ಕೋಟಿ 32 ಲಕ್ಷ ಹೆಸರುಗಳು ಪಟ್ಟಿಯಲ್ಲಿದ್ದವು. ಬ್ರಿಟಿಷರ ಕಾಲದ 1937 ರ ಪ್ರಾಂತೀಯ ಚುನಾವಣೆಯಲ್ಲಿ ಮತದ ಹಕ್ಕಿದ್ದವರು ಸುಮಾರು ಮೂರು ಕೋಟಿ.

ಈ ಕೆಲಸದಲ್ಲಿ ಒಂದು ವಿಚಿತ್ರ ತೊಡಕೂ ಎದುರಾಯಿತು. ಉತ್ತರ ಭಾರತದ ಹಲವು ಕಡೆ ಹೆಂಗಸರು ಪರಪುರುಷನಿಗೆ ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರು ಇದಕ್ಕೆ ಮಣಿಯಲಿಲ್ಲ. ಸ್ವಂತ ಹೆಸರು ನೀಡದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಕೈಬಿಡಲಾಯಿತು. ಆ ತೀರ್ಮಾನ ಕಠಿಣವಾಗಿತ್ತು. ಆದರೆ ಹೆಣ್ಣಿಗೆ ಅವಳದೇ ಹೆಸರಿದೆಯೆಂಬುದನ್ನು ಸರ್ಕಾರ ಮನೆಯ ಗಂಡಸರಿಗೆ ಹೇಳಿದ ಅಪೂರ್ವ ಸಂದರ್ಭವೂ ಅದಾಗಿತ್ತು.

ಓದು ಬರಹ ಬಲ್ಲವರು ಐದರಲ್ಲಿ ಒಬ್ಬರೂ ಇಲ್ಲದ ದೇಶವದು. ಅದಕ್ಕಾಗಿ ಚಿಹ್ನೆಗಳು ಬಂದವು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ: ಜೋಡೆತ್ತು, ಗುಡಿಸಲು, ಮರ. ಚೀಟಿಯ ಮೇಲೆ ಏನನ್ನೂ ಬರೆಯಬೇಕಿರಲಿಲ್ಲ. ಮೆಚ್ಚಿದ ಪೆಟ್ಟಿಗೆಗೆ ಹಾಕಿದರಾಯಿತು. ಚೀಟಿಯ ಮೇಲೆಯೇ ಮುದ್ರೆ ಒತ್ತುವ ಕ್ರಮ ಬಂದದ್ದು ಆಮೇಲೆ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962 ರ ಮಹಾಚುನಾವಣೆಯಿಂದ ಇಡೀ ದೇಶಕ್ಕೆ ಒದಗಿಸುತ್ತ ಬಂದಿರುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರು 1937 ರಲ್ಲಿ ಅದನ್ನು ಸ್ಥಾಪಿಸಿದ್ದು ಕಾಡಿನ ಅರಗನ್ನು ಬಳಸಿಕೊಳ್ಳಲೆಂದು.

ಅಮೆರಿಕದ ಚರಿತ್ರೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ನಮ್ಮ ಹಿರಿಯರು ಮಾಡಿದ್ದರ ಬೆಲೆ ತಿಳಿಯುತ್ತದೆ. ಅಲ್ಲಿಯೂ ಆರಂಭದಲ್ಲಿ ಮತವಿದ್ದದ್ದು ಬಹುಮಟ್ಟಿಗೆ ಆಸ್ತಿಯುಳ್ಳ ಬಿಳಿಯ ಗಂಡಸರಿಗೆ. ಅಂತರ್ಯುದ್ಧದ ತರುವಾಯ, 1870 ರಲ್ಲಿ, ವರ್ಣದ ಕಾರಣಕ್ಕೆ ಯಾರಿಗೂ ಮತ ನಿರಾಕರಿಸುವಂತಿಲ್ಲವೆಂಬ 15 ನೆಯ ತಿದ್ದುಪಡಿ ಬಂತು. ಕಾಗದದ ಮೇಲೆ ಎಲ್ಲವೂ ಮುಗಿದಿತ್ತು. ಆದರೆ ಆ ದೇಶದಲ್ಲಿ ಮತದಾರನ ಹೆಸರನ್ನು ಸರ್ಕಾರ ಬಂದು ಬರೆದುಕೊಳ್ಳುವುದಿಲ್ಲ. ಅವನೇ ಹೋಗಿ ನೋಂದಾಯಿಸಿಕೊಳ್ಳಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. (ನಾರ್ತ್ ಡಕೋಟ ಎಂಬ ಒಂದು ರಾಜ್ಯದಲ್ಲಿ ನೋಂದಣಿಯೇ ಇಲ್ಲ.) ದಕ್ಷಿಣದ ರಾಜ್ಯಗಳು ಈ ಬಾಗಿಲಲ್ಲಿಯೇ ಕಾವಲು ಕುಳಿತವು. ಮತ ನೀಡಲು ತಲೆಗಂದಾಯ ಕಟ್ಟಬೇಕು, ಓದುಬರಹದ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು, ರಾಜ್ಯದ ಸಂವಿಧಾನದ ಒಂದು ಕಲಮನ್ನು ಅಧಿಕಾರಿಗೆ ತೃಪ್ತಿಯಾಗುವಂತೆ ವಿವರಿಸಬೇಕು. ಆ ಅಧಿಕಾರಿಯ ತೃಪ್ತಿ ಮುಖದ ಬಣ್ಣವನ್ನು ನೋಡಿ ಬರುತ್ತಿತ್ತು. ಅಲಬಾಮ ರಾಜ್ಯದ ಸೆಲ್ಮ ಎಂಬ ಪಟ್ಟಣವಿರುವ ಜಿಲ್ಲೆಯಲ್ಲಿ, 1960 ರ ದಶಕದ ಆರಂಭದಲ್ಲಿಯೂ, ಮತದ ವಯಸ್ಸಿನ ಕರಿಯ ಜನರಲ್ಲಿ ಪಟ್ಟಿಯಲ್ಲಿದ್ದವರು ನೂರಕ್ಕೆ ಎರಡರಷ್ಟು ಮಾತ್ರ.

1965 ರ ಮಾರ್ಚ್ 7, ಭಾನುವಾರ, ಸೆಲ್ಮದ ಸೇತುವೆಯ ಬಳಿ ಶಾಂತಿಯುತವಾಗಿ ನಡೆದುಹೋಗುತ್ತಿದ್ದವರನ್ನು ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಚದುರಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಕರೆಗೆ ಓಗೊಟ್ಟು ನಾನಾ ಸಭೆಗಳ ಧರ್ಮಗುರುಗಳು ಅಲ್ಲಿಗೆ ಧಾವಿಸಿದರು; ಸೇಂಟ್ ಲೂಯಿಸ್ ನಗರದಿಂದ ಬಂದ ಕಥೋಲಿಕ ಧರ್ಮಭಗಿನಿಯರು ತಮ್ಮ ಉಡುಪಿನಲ್ಲಿಯೇ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಿಂತರು. ಅದೇ ವರ್ಷ ಆಗಸ್ಟ್ 6 ರಂದು ಅಧ್ಯಕ್ಷ ಜಾನ್ಸನ್ ಅವರು ಮತದ ಹಕ್ಕಿನ ಕಾಯಿದೆಗೆ ಸಹಿ ಹಾಕಿದರು. ಓದುಬರಹದ ಪರೀಕ್ಷೆಗಳನ್ನು ಅದು ತಡೆಯಿತು. ಹಿಂದೆ ಅನ್ಯಾಯ ನಡೆದ ರಾಜ್ಯಗಳು ಚುನಾವಣೆಯ ನಿಯಮ ಬದಲಿಸುವ ಮೊದಲು ಕೇಂದ್ರದ ಅನುಮತಿ ಪಡೆಯಬೇಕೆಂದಿತು. ಈ ಕೊನೆಯ ರಕ್ಷಣೆಯನ್ನು 2013 ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅದು ಯಾವ ರಾಜ್ಯಗಳಿಗೆ ಅನ್ವಯಿಸಬೇಕೆಂಬ ಸೂತ್ರವನ್ನು ರದ್ದುಪಡಿಸುವ ಮೂಲಕ, ನಿಷ್ಕ್ರಿಯಗೊಳಿಸಿತು.

ನಿರಕ್ಷರಿಯಾದ ಭಾರತೀಯ ರೈತನು 1952 ರಲ್ಲಿ ಜೋಡೆತ್ತನ್ನೋ ಗುಡಿಸಲನ್ನೋ ನೋಡಿ ಮತ ಹಾಕಿದ. ಅಲಬಾಮದ ಕರಿಯ ಶಾಲಾಶಿಕ್ಷಕಿ 1964 ರಲ್ಲಿ ಓದುಬರಹದ ಪರೀಕ್ಷೆಯಲ್ಲಿ ಅನುತ್ತೀರ್ಣಳಾದಳು. ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇನ್ನು ಇಂದಿನ ನಮ್ಮ ನಿಯಮಗಳಿಗೆ ಬರೋಣ. 1950 ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಹೆಸರು ಸೇರಲು ಬೇಕಾದುದು ಭಾರತದ ಪೌರತ್ವ, 18 ವರ್ಷ ವಯಸ್ಸು ಮತ್ತು ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಿರುವುದು. ಹಿಂದೆ ಜನವರಿ 1 ರಂದು 18 ತುಂಬಿರಬೇಕಿತ್ತು. 2022 ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ ಕಾಯಿದೆಯ 20 ನೆಯ ಕಲಮಿನ ಆರಂಭದ ಮಾತು ನನಗೆ ಬಹಳ ಇಷ್ಟ: ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯೆನಿಸುವುದಿಲ್ಲ. ಕಂದಾಯದ ರಸೀತಿಯಿಂದ ಮತದಾರನನ್ನು ಗುರುತಿಸುತ್ತಿದ್ದ ಕಾಲವನ್ನು ಈ ಒಂದು ವಾಕ್ಯ ತಲೆಕೆಳಗು ಮಾಡಿದೆ. ಬೆಂಗಳೂರಿನಲ್ಲಿ ನೆಲೆಸಿರುವ ಎಸ್ಟೇಟಿನ ಒಡೆಯನಿಗೆ ಇಲ್ಲಿ ಮತವಿಲ್ಲ. ಅವನ ತೋಟದ ಲೈನ್ ಮನೆಯಲ್ಲಿ ಬಾಳುವ ಕಾರ್ಮಿಕನಿಗೆ ಇದೆ. ಮನೆಯೇ ಇಲ್ಲದವನಿಗೂ ಇದೆ. ಬೂತ್ ಮಟ್ಟದ ಅಧಿಕಾರಿ ರಾತ್ರಿಯ ವೇಳೆ ಹೋಗಿ, ಆತ ಅಲ್ಲಿ ಮಲಗುತ್ತಾನೆಂಬುದನ್ನು ಖಚಿತಪಡಿಸಿಕೊಳ್ಳಬೇಕೆಂಬ ಸೂಚನೆಯಿದೆ.

ಎರಡು ಕಡೆ ಹೆಸರು ಇರುವಂತಿಲ್ಲ. ವರ್ಗಾವಣೆಯಾಗುವ ಗುರುಗಳೂ ಧರ್ಮಭಗಿನಿಯರೂ ಇದನ್ನು ಮರೆಯುವುದೇ ಹೆಚ್ಚು. ಹೊಸ ಊರಿಗೆ ಹೋದಾಗ 8 ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಹೆಸರನ್ನು ವರ್ಗಾಯಿಸಿಕೊಳ್ಳದಿದ್ದರೆ, ಹಳೆಯ ಊರಿನಲ್ಲಿ ತೆಗೆದುಹಾಕಿ, ಹೊಸ ಊರಿನಲ್ಲಿ ಸೇರದೆ, ಎಲ್ಲಿಯೂ ಇಲ್ಲದವರಾಗುತ್ತೇವೆ. ಪಾರ್ಟಿಗಳಲ್ಲಿ ಸಕ್ರಿಯರಾಗಬಾರದೆಂದು ಧರ್ಮಸಭೆಯ ಕಾನೂನು ಗುರುಗಳಿಗೆ ಹೇಳಿದೆ. ಮತ ನೀಡಬಾರದೆಂದು ಹೇಳಿಲ್ಲ. ಕೊಲ್ಲಿ ದೇಶಗಳಲ್ಲಿ ದಾದಿಯರಾಗಿ ದುಡಿಯುತ್ತಿರುವ ನಮ್ಮ ಮಕ್ಕಳು ಅಲ್ಲಿನ ಪೌರತ್ವ ಪಡೆಯದಿದ್ದರೆ, 2011 ರಿಂದ ಇಲ್ಲಿನ ಪಟ್ಟಿಯಲ್ಲಿ ಹೆಸರು ಇಟ್ಟುಕೊಳ್ಳಬಹುದು. ಆದರೆ ಮತ ನೀಡಲು ಖುದ್ದಾಗಿ ಊರಿಗೆ ಬರಬೇಕು, ಅಂದರೆ ವಿಮಾನದ ಖರ್ಚಿರುವವರಿಗೆ ಮಾತ್ರ ಆ ಹಕ್ಕು. ಜೈಲಿನಲ್ಲಿರುವವರಿಗೆ ಮತವಿಲ್ಲ. ಶಿಕ್ಷೆಗೊಳಗಾದವನಿಗಷ್ಟೇ ಅಲ್ಲ, ವಿಚಾರಣೆಯೇ ಮುಗಿಯದವನಿಗೂ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ಜೈಲಿನಿಂದಲೇ ಅವನು ಚುನಾವಣೆಗೆ ನಿಲ್ಲಬಹುದು! ಅಪರಾಧ ಸಾಬೀತಾಗದ ಬಡವನಿಂದ ಮತವನ್ನು ಕಸಿಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಅಮೆರಿಕದ ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಶಿಕ್ಷೆ ಅನುಭವಿಸುತ್ತಿರುವವರೂ ಮತ ನೀಡುತ್ತಾರೆ.

ನಮ್ಮ ತಾಲ್ಲೂಕಿನ ಪಟ್ಟಿಗೆ ತನ್ನದೇ ಆದ ತೊಡಕುಗಳಿವೆ. ಭದ್ರಾ ಜಲಾಶಯದ ಹಿನ್ನೀರಿನಿಂದ ಎದ್ದು ಹೊಸ ನೆಲೆ ಕಂಡವರು, ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರು, ಕರಿಮೆಣಸು ಬೆಳೆದವರು, ತೋಟದಿಂದ ತೋಟಕ್ಕೆ ಕೆಲಸ ಹುಡುಕಿ ಹೋಗುವವರು, ಎಲ್ಲರೂ ಇಲ್ಲಿದ್ದಾರೆ. ಮನೆತನದ ಹೆಸರು ಮೊದಲೋ ಕೊನೆಯೋ ಎಂಬ ಗೊಂದಲದಿಂದ, ಮಲಯಾಳದ ಹೆಸರು ಕನ್ನಡಕ್ಕೆ ಬರುವಾಗ ಆಗುವ ವ್ಯತ್ಯಾಸದಿಂದ, ಒಬ್ಬರೇ ವ್ಯಕ್ತಿ ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಬಗೆ, ಶಾಲೆಯಲ್ಲಿ ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಬಗೆ. ಮನೆಗೆ ಬಂದು ಬರೆದುಕೊಳ್ಳುವ ಅಧಿಕಾರಿ ಊರಿನವನಾದರೆ ಈ ವ್ಯತ್ಯಾಸ ತೊಂದರೆ ಕೊಡುವುದಿಲ್ಲ. ಕಾಗದವನ್ನು ಕಾಗದದೊಡನೆ ಹೋಲಿಸುವ ಕಾಲ ಬಂದಾಗ ತೊಂದರೆ ಆರಂಭವಾಗುತ್ತದೆ.

ಅಂತಹ ಕಾಲ ದೂರದಲ್ಲಿಲ್ಲವೆಂಬುದನ್ನು 2025 ತೋರಿಸಿತು. ಬಿಹಾರದಲ್ಲಿ ಚುನಾವಣಾ ಆಯೋಗವು ವಿಶೇಷ ತೀವ್ರ ಪರಿಷ್ಕರಣೆಯನ್ನು ಕೈಗೊಂಡು, ಪ್ರತಿಯೊಬ್ಬರೂ ನಮೂನೆ ತುಂಬಿಕೊಡಬೇಕೆಂದಿತು. ಹಳೆಯ ಪಟ್ಟಿಯಲ್ಲಿ ಹೆಸರಿಲ್ಲದವರು ದಾಖಲೆ ಒದಗಿಸಬೇಕೆಂದಿತು. ಆಗಸ್ಟ್ 1 ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರು, ವಲಸೆ ಹೋದವರು, ಎರಡು ಕಡೆ ಇದ್ದವರು ಎಂಬುದು ಆಯೋಗದ ವಿವರಣೆ. ಬಿಟ್ಟುಹೋದ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಆಗಸ್ಟ್ 14 ರಂದು ಆದೇಶಿಸಿತು. ಗುರುತಿಗಾಗಿ ಆಧಾರನ್ನೂ ಸ್ವೀಕರಿಸಬೇಕೆಂದು ಸೆಪ್ಟೆಂಬರಿನಲ್ಲಿ ಹೇಳಿತು. ನವೆಂಬರ್ 4 ರಿಂದ ಕೇರಳ, ತಮಿಳುನಾಡು, ಗೋವಾ ಸೇರಿ 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಇದೇ ಕಾರ್ಯ ಆರಂಭವಾಯಿತು. ಪಟ್ಟಿ ಶುದ್ಧವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸತ್ತವರ ಹೆಸರಿನಲ್ಲಿ ಮತ ಬೀಳುವುದು ಬದುಕಿರುವವರಿಗೆ ಮಾಡುವ ಮೋಸ. ಆದರೆ ಪಟ್ಟಿ ಸೇರುವ ಹೊರೆ ಸರ್ಕಾರದ ಹೆಗಲಿನಿಂದ ಪ್ರಜೆಯ ಹೆಗಲಿಗೆ ಜಾರಿದಾಗ, ಮೊದಲು ಬಾಗುವುದು ಕಾಗದವಿಲ್ಲದವನ ಬೆನ್ನು. ಶಿಬಿರದ ನಿರಾಶ್ರಿತನ ಮಾತನ್ನು ನಂಬಿ ಹೆಸರು ಬರೆದುಕೊಂಡ ದೇಶ ನಮ್ಮದು ಎಂಬುದನ್ನು ಅಧಿಕಾರಿಗಳಿಗೆ ನೆನಪಿಸುವುದು ತಪ್ಪಾಗಲಾರದು.

ಹೆಸರು ತಾನಾಗಿಯೇ ಬಿಟ್ಟುಹೋಗುವುದು ಒಂದು. ಯಾರೋ ತೆಗೆಸುವುದು ಇನ್ನೊಂದು. ಬೇರೊಬ್ಬರ ಹೆಸರನ್ನು ಕೈಬಿಡಬೇಕೆಂದು ಕೋರಲು 7 ನೆಯ ನಮೂನೆ ಇದೆ. 2023 ರ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಇಂತಹ 6,018 ಅರ್ಜಿಗಳು ಗಣಕಯಂತ್ರದ ಮೂಲಕ ಸಲ್ಲಿಕೆಯಾದವು. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಲ್ಲಿ ಹಲವರಿಗೆ ತಾವು ಅರ್ಜಿ ಹಾಕಿದ್ದೇ ತಿಳಿದಿರಲಿಲ್ಲ. ಬೂತ್ ಮಟ್ಟದ ಅಧಿಕಾರಿಯೊಬ್ಬರು, ತೆಗೆಯಬೇಕಾದ ಹೆಸರುಗಳಲ್ಲಿ ತಮ್ಮದೇ ಬಂಧುವಿನ ಹೆಸರನ್ನು ಕಂಡು ವಿಚಾರಿಸಿದ್ದರಿಂದ ವಿಷಯ ಹೊರಬಿತ್ತು. ಅಧಿಕಾರಿಗಳು ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯೆಂದು ಕಂಡ ಅರ್ಜಿಗಳು 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು. ಆ ಹೆಸರುಗಳು ಪಟ್ಟಿಯಲ್ಲಿ ಇದ್ದಲ್ಲಿಯೇ ಉಳಿದವು.